ಸೂರು ಏನಂತು?

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಲಿಫ್ಟು ಮೇಲೆ ಬರುತ್ತದೆ. ಬಾಗಿಲು ಸರಿದೊಡನೆ ಮೊದಲ ಪಾಳಿಯ ಮೂವತ್ತೊಂದು ಜನ ಒಬ್ಬರ ಹಿಂದೊಬ್ಬರು ಹೊರಬಂದು, ಕೊರಳಲ್ಲಿದ್ದ ಹಿತ್ತಾಳೆ ಬಿಲ್ಲೆಯನ್ನು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಡುತ್ತಾರೆ. ಕಿಟಕಿಯೊಳಗೆ ಕೂತವರು ಒಂದೊಂದನ್ನೇ ಎತ್ತಿ, ಸಂಖ್ಯೆ ನೋಡಿ, ಗೋಡೆಯ ಹಲಗೆಯಲ್ಲಿ ಅದೇ ಸಂಖ್ಯೆಯ ಮೊಳೆಗೆ ತಗುಲಿಸುತ್ತಾರೆ. ಖಾಲಿ ಮೊಳೆ ಒಂದೂ ಉಳಿಯಬಾರದು. ಉಳಿದರೆ ಯಾರೋ ಒಬ್ಬರು ಇನ್ನೂ ಕೆಳಗಿದ್ದಾರೆ ಎಂದು ಅರ್ಥ. ಅವರು ಸಿಗುವವರೆಗೆ ಎರಡನೆಯ ಪಾಳಿ ಇಳಿಯುವಂತಿಲ್ಲ.

ಬಿಲ್ಲೆ ಕೊಟ್ಟವರಿಗೆಲ್ಲ ಅವರು ತಲೆಯಾಡಿಸುತ್ತಾರೆ. ಒಬ್ಬಳನ್ನು ಮಾತ್ರ ನಿಲ್ಲಿಸಿ, ಅವಳ ತುಟಿಗಳನ್ನೇ ನೋಡುತ್ತ ಕೇಳುತ್ತಾರೆ.

“ಏನಂತು?”

“ಏಳನೇ ಕೋಣೆ ಗಟ್ಟಿ ಅಂತು ಅಣ್ಣ. ದಾರಿ ತಿರುಗೋ ಕಡೆ ಸ್ವಲ್ಪ ಗೊಣಗ್ತು. ಎರಡು ಬೋಲ್ಟು ಹೊಡೆಸಿದೆ.”

“ಗೊಣಗ್ತು ಅಂದ್ರೆ? ನಿದ್ದೆಯಿಂದ ಎಬ್ಬಿಸಿದ ಗಂಡನ ಥರವೋ, ಊಟ ತಡವಾದ ಗಂಡನ ಥರವೋ?”

“ನಿದ್ದೆಯಿಂದ ಎಬ್ಬಿಸಿದ ಗಂಡ.”

“ಹಾಗಾದ್ರೆ ಎರಡು ಬೋಲ್ಟು ಸಾಕು.”

ಕೇಳುವವರ ಹೆಸರು ಸೂರಣ್ಣ. ತಂದೆ ತಾಯಿ ಇಟ್ಟ ಹೆಸರು ಅದಲ್ಲ. ಹತ್ತೊಂಬತ್ತು ವರ್ಷ ಅವರು ಮಾಡಿದ ಕೆಲಸ ಇಟ್ಟ ಹೆಸರು. ನೆಲದಡಿ ಜನ ಕಾಲಿಡುವ ಮೊದಲು ಸೂರು ತಟ್ಟಿ, ಅದು ಗಟ್ಟಿಯೋ ಟೊಳ್ಳೋ ಎಂದು ಹೇಳುವುದು ಆ ಕೆಲಸ. ಉತ್ತರ ಕೊಡುವವಳು ಡ್ರಿಲ್ಲಕ್ಕ. ಮೂವತ್ತಾರು ವರ್ಷದ ಆಕೆ ಹನ್ನೊಂದು ವರ್ಷ ಬಂಡೆ ಕೊರೆಯುವ ಯಂತ್ರ ನಡೆಸಿದವಳು. ಹೋದ ವರ್ಷದಿಂದ ಸೂರು ತಟ್ಟುವ ಕಬ್ಬಿಣದ ಸರಳು ಅವಳ ಕೈಯಲ್ಲಿದೆ. ಸೂರಣ್ಣನವರ ಕೈಯಲ್ಲಿ ಬಿಲ್ಲೆಗಳಿವೆ.

ಕೆಳಗೆ, ಆರುನೂರ ಐವತ್ತು ಮೀಟರ್ ಆಳದಲ್ಲಿ, ಉಪ್ಪಿನ ಬಂಡೆಯನ್ನು ಕೊರೆದು ಮಾಡಿದ ಕೋಣೆಗಳಿವೆ. ಅಣು ಸ್ಥಾವರಗಳಲ್ಲಿ, ಪ್ರಯೋಗಾಲಯಗಳಲ್ಲಿ ಬಳಸಿ ವಿಕಿರಣ ಅಂಟಿದ ಬಟ್ಟೆ, ಕೊಳವೆ, ಸಲಕರಣೆ, ಗಟ್ಟಿ ಮಾಡಿದ ಕೆಸರು, ಎಲ್ಲವೂ ಉಕ್ಕಿನ ಪೀಪಾಯಿಗಳಲ್ಲಿ ಸೇರಿ ಇಲ್ಲಿಗೆ ಬರುತ್ತವೆ. ಉಪ್ಪು ನಿಂತಲ್ಲಿ ನಿಲ್ಲುವ ಬಂಡೆಯಲ್ಲ. ವರ್ಷಕ್ಕೆ ಕೆಲವು ಬೆರಳಗಲದಷ್ಟು ನಾಲ್ಕೂ ಕಡೆಯಿಂದ ಒಳಕ್ಕೆ ಸರಿಯುತ್ತದೆ. ಈ ಜಾಗ ಆರಿಸಿದ್ದೇ ಅದಕ್ಕೆ: ಕಾಲ ಕಳೆದಂತೆ ಉಪ್ಪು ತಾನಾಗಿ ಪೀಪಾಯಿಗಳನ್ನು ಅಪ್ಪಿಕೊಂಡು ಕೋಣೆಯನ್ನು ಮುಚ್ಚಿಬಿಡುತ್ತದೆ. ಆದರೆ ಅದು ಮುಚ್ಚುವ ಮೊದಲು ಅಲ್ಲಿ ಜನ ದುಡಿಯಬೇಕು. ಪೀಪಾಯಿಯನ್ನು ಅಪ್ಪುವ ಸೂರು ಮನುಷ್ಯನ ಮೇಲೂ ಇಳಿಯುತ್ತದೆ. ಒಂದೇ ಸಮನೆ ಇಳಿಯುವುದಿಲ್ಲ. ಒಳಗೊಳಗೇ ಪದರ ಬಿಟ್ಟುಕೊಂಡು, ಒಂದು ದಿನ ಹಾಸುಗಲ್ಲಿನಂತೆ ಕಳಚಿ ಬೀಳುತ್ತದೆ.

ಹೊರಗಿನವರು ಮೊದಲು ಕೇಳುವುದು ವಿಕಿರಣದ ಬಗ್ಗೆ. ಅದಕ್ಕೆ ಇಲ್ಲಿ ಏರ್ಪಾಡು ಬಹಳ. ಎದೆಯ ಮೇಲೆ ವಿಕಿರಣ ಅಳೆಯುವ ಬಿಲ್ಲೆ, ಸೊಂಟದಲ್ಲಿ ಉಸಿರಿನ ಡಬ್ಬಿ, ಪ್ರತಿ ಬೆಳಗ್ಗೆ ಕೂಗಿಸಿ ನೋಡುವ ಸೈರನ್ನು, ಯಾವಾಗಲೂ ಜನರಿರುವ ಕಡೆಯಿಂದ ಪೀಪಾಯಿಗಳ ಕಡೆಗೇ ಹರಿಯುವಂತೆ ದೂಡುವ ಗಾಳಿ. ಸೂರಿಗೂ ಅಳತೆಯ ಕಡ್ಡಿಗಳಿವೆ. ತಿಂಗಳಿಗೆ ಎಷ್ಟು ಇಳಿಯಿತೆಂದು ಅವು ಹೇಳುತ್ತವೆ. ಈಗ, ಈ ತಲೆಯ ಮೇಲೆ, ಈ ಚಪ್ಪಡಿ ಹೇಗಿದೆ ಎಂದು ಹೇಳುವುದಿಲ್ಲ. “ಕಾಣದ್ದಕ್ಕೆ ಎಂಟು ಯಂತ್ರ, ಕಾಣೋದಕ್ಕೆ ನಾನೊಬ್ಬ,” ಎಂದು ಸೂರಣ್ಣ ಹೊಸಬರಿಗೆ ಹೇಳುತ್ತಿದ್ದರು.

ಕೆಲಸದ ರೀತಿ ಸರಳ. ಎತ್ತುವ ಬುಟ್ಟಿಯಲ್ಲಿ ನಿಂತು ಸೂರಿನ ಹತ್ತಿರ ಹೋಗುವುದು. ಬಲಗೈಯ ಸರಳಿನಿಂದ ಒಂದು ಏಟು. ಗಟ್ಟಿ ಇದ್ದರೆ ಹಿತ್ತಾಳೆ ಪಾತ್ರೆಗೆ ಚಮಚ ತಾಗಿದಂತೆ ಟಣ್ ಎನ್ನುತ್ತದೆ. ಆ ನಾದ ಬಂಡೆಯೊಳಗೆ ಎಲ್ಲೋ ದೂರ ಹೋಗಿ ನಿಲ್ಲುತ್ತದೆ. ಟೊಳ್ಳಿದ್ದರೆ ಒದ್ದೆ ಮರದ ಪೆಟ್ಟಿಗೆ ಬಡಿದಂತೆ ಡಬ್. ಗಟ್ಟಿಗೆ ಬಿಳಿ ಬಣ್ಣದ ಸುತ್ತು, ಟೊಳ್ಳಿಗೆ ಕೆಂಪು ಕತ್ತರಿ ಗುರುತು. ಕೆಂಪು ಬಿದ್ದಲ್ಲಿ ಉದ್ದನೆಯ ಬೋಲ್ಟು ಹೊಡೆದು ಸಡಿಲ ಪದರವನ್ನು ಮೇಲಿನ ಗಟ್ಟಿ ಬಂಡೆಗೆ ಬಿಗಿಯುತ್ತಾರೆ. ಏಟು ಹಾಕುವಾಗ ಹಳಬರು ಎಡಗೈ ಬೆರಳ ತುದಿಗಳನ್ನು ಸೂರಿಗೆ ಒತ್ತಿ ಹಿಡಿಯುತ್ತಾರೆ. ಟೊಳ್ಳು ಸೂರು ಬೆರಳಿನ ಕೆಳಗೆ ಜುಮ್ಮೆನ್ನುತ್ತದೆ. ಕಿವಿ ಹೇಳಿದ್ದಕ್ಕೆ ಬೆರಳು ಸಾಕ್ಷಿ.

ಸೂರಣ್ಣ ಇಪ್ಪತ್ತನೇ ವಯಸ್ಸಿನಿಂದ ಬೇರೊಂದು ಗಣಿಯಲ್ಲಿ ಡ್ರಿಲ್ಲು ಹಿಡಿದವರು. ಆಗ ಕಿವಿಗೆ ಹತ್ತಿ ಸಿಕ್ಕಿಸಿಕೊಂಡರೆ ಅದೇ ದೊಡ್ಡದು. ಅದರ ಲೆಕ್ಕ ತೀರಿದ್ದು ಐವತ್ತೈದು ದಾಟಿದ ಮೇಲೆ. ಮೊದಲು ಹೋದದ್ದು ಸಣ್ಣ ಸದ್ದುಗಳು: ಗಡಿಯಾರ, ಒಲೆಯ ಮೇಲೆ ಕುದಿಯುವ ನೀರು. ಆಮೇಲೆ ಒಂದು ಬೆಳಗ್ಗೆ, ಐದನೇ ಕೋಣೆಯಲ್ಲಿ, ಟಣ್ ಎನ್ನಬೇಕಾದ ಸೂರು ಬರೀ ‘ಟ’ ಎಂದು ನಿಂತುಬಿಟ್ಟಿತು. ನಾದದ ಬಾಲ ಹೋಗಿತ್ತು. ಅವರು ಅದೇ ಜಾಗಕ್ಕೆ ಏಳೆಂಟು ಏಟು ಹಾಕಿದರು. ಬೆರಳು ಮಾತ್ರ, ಗಟ್ಟಿ ಇದೆ, ಮುಂದೆ ನಡಿ, ಎಂದಿತು.

ಅಂದಿನಿಂದ ಎರಡು ವರ್ಷ ಅವರು ಬೆರಳಿನಿಂದಲೇ ಕೇಳಿದರು. ಯಾರಿಗೂ ಹೇಳಲಿಲ್ಲ. ವರ್ಷಕ್ಕೊಮ್ಮೆ ಕಿವಿಯ ಪರೀಕ್ಷೆ ಇತ್ತು. ಗಾಜಿನ ಕಿಟಕಿಯ ಪುಟ್ಟ ಕೋಣೆಯೊಳಗೆ ಕೂತು, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಗಾಜಿನಾಚೆ ಪರೀಕ್ಷೆ ಮಾಡುವಾಕೆ ಯಂತ್ರದ ಗುಬಟು ತಿರುಗಿಸುವಾಗ ಅವಳ ಬಳೆ ಮೊಣಕೈ ಕಡೆಗೆ ಜಾರುತ್ತಿತ್ತು. ಬಳೆ ಜಾರಿದಾಗ ಸೂರಣ್ಣ ಗುಂಡಿ ಒತ್ತುತ್ತಿದ್ದರು. ಎರಡು ವರ್ಷವೂ ಪಾಸಾದರು.

ಕಿವಿ ಹೋಯಿತೆಂದು ಗೊತ್ತಾದರೆ ಕೆಳಗಿನ ಕೆಲಸ ಹೋಗುತ್ತಿತ್ತು, ಅದು ನಿಯಮ. ಸಂಬಳಕ್ಕೆ ಧಕ್ಕೆ ಇರಲಿಲ್ಲ, ಮೇಲೆ ಬೇರೆ ಕೆಲಸ ಸಿಗುತ್ತಿತ್ತು. ಅವರಿಗೆ ಬೇಕಾದದ್ದು ಸಂಬಳವಲ್ಲ. ಲಿಫ್ಟಿನ ಬಾಗಿಲು ತೆರೆದಾಗ ಮುಖಕ್ಕೆ ಬಡಿಯುವ ಒಣ ಗಾಳಿ, ತುಟಿಯ ಮೇಲೆ ಕೂರುವ ಉಪ್ಪು, ದೀಪ ಬಿದ್ದಲ್ಲಿ ಸಕ್ಕರೆಯಂತೆ ಹೊಳೆಯುವ ಗೋಡೆ. ಒಂದು ಏಟಿಗೆ ಒಂದು ಉತ್ತರ ಕೊಡುವ ಬಂಡೆ. “ಮನುಷ್ಯರು ಹಾಗೆ ಉತ್ತರ ಕೊಡಲ್ಲ,” ಎನ್ನುತ್ತಾರೆ ಅವರು.

ಹೋದ ವರ್ಷ ಪೀಪಾಯಿ ಕೋಣೆಗಳಲ್ಲಿ ಹೊಸ ನಿಯಮ ಬಂತು. ಗೋಡೆಗೆ ಬಿಗಿದ ತಂತಿ ಬಲೆ ತಾಗಿ ಒಬ್ಬನ ಅಂಗೈ ಸೀಳಿತ್ತು. ಗಾಯದ ಮೂಲಕ ವಿಕಿರಣದ ಧೂಳು ಮೈಯೊಳಗೆ ಸೇರಿದರೆ ತೊಳೆದು ತೆಗೆಯಲಾಗದು. ಅವನಿಗೆ ಹಾಗೇನೂ ಆಗಲಿಲ್ಲ, ಆದರೆ ಸುರಕ್ಷತೆಯ ಅಧಿಕಾರಿ ಎಲ್ಲರಿಗೂ ದಪ್ಪ ಕೈಗವಸು ಕಡ್ಡಾಯ ಮಾಡಿದರು. ಕೆಲಸಗಾರರು ಅವರನ್ನು ಆಫೀಸರಮ್ಮ ಎನ್ನುತ್ತಾರೆ. ನಿಯಮ ಸರಿಯಾಗಿಯೇ ಇತ್ತು. ಅದು ಒಬ್ಬ ಮನುಷ್ಯನ ಕಿವಿಯನ್ನೇ ಮುಚ್ಚಿದೆ ಎಂದು ಅವರಿಗೆ ತಿಳಿಯುವ ದಾರಿ ಇರಲಿಲ್ಲ.

ಮೊದಲ ದಿನ ಸೂರಣ್ಣ ಗೊಣಗಿದರು. ಗಾಡಿ ನಡೆಸುವವ ನಕ್ಕ. ಪೀಪಾಯಿ ಗಾಡಿ ನಡಿಗೆಯ ವೇಗ ಮೀರಬಾರದು, ಹಾಗಾಗಿ ಅವನನ್ನು ಎಲ್ಲರೂ ಆಮೆ ಎನ್ನುತ್ತಾರೆ. ಸೂರಣ್ಣನವರ ಜೊತೆ ಹದಿನೈದು ವರ್ಷ ಒಂದೇ ಬೆಂಚಿನಲ್ಲಿ ಬುತ್ತಿ ಬಿಚ್ಚಿದವನು.

“ಏನ್ ಸೂರಣ್ಣ, ಮದುವೆ ಗಂಡಿಗೆ ಉಂಗುರ ಬಿಗಿ ಆಯ್ತಾ?”

“ನಿನ್ನ ಗಾಡಿ ಓಡಿಸೋಕೆ ಕೈ ಯಾಕೆ ಬೇಕೋ? ಅದು ತಾನೇ ತೂಕಡಿಸ್ಕೊಂಡು ಹೋಗುತ್ತೆ.”

ನಾಲ್ಕನೆಯ ದಿನ ಏಳನೇ ಕೋಣೆಯ ತೀರಾ ಒಳಗಿನ ಸಾಲು. ಸೂರಣ್ಣ ತಟ್ಟಿದರು. ಕಿವಿಗೆ ‘ಟ’. ಕೈಗವಸಿನೊಳಗೆ ಬೆರಳುಗಳು ದಿಂಬಿನಲ್ಲಿ ಹೂತ ಹಾಗಿದ್ದವು. ಮತ್ತೆ ತಟ್ಟಿದರು. ಕೆಳಗೆ ಆಮೆ ಗಾಡಿ ತಂದು ನಿಲ್ಲಿಸಿ ಕಾಯುತ್ತಿದ್ದ, ಅವನ ಜೊತೆ ಇನ್ನೂ ಮೂವರು. ಹಿಂದಿನ ದಿನದ ಗುರುತು ಪಕ್ಕದಲ್ಲೇ ಇತ್ತು, ಬಿಳಿ ಸುತ್ತು. ಒಂದೇ ದಿನದಲ್ಲಿ ಏನಾದೀತು ಎಂದುಕೊಂಡು ಅವರು ಅಲ್ಲೂ ಬಿಳಿ ಸುತ್ತು ಎಳೆದರು. ದಾಖಲೆ ಪುಸ್ತಕದಲ್ಲಿ ಸಮಯ ಹತ್ತು ಗಂಟೆ ಹತ್ತು ನಿಮಿಷ.

ಹನ್ನೊಂದೂವರೆಗೆ ಬುತ್ತಿ ಬಿಚ್ಚಿದರು. ಎರಡು ತುತ್ತು ತಿಂದರು. ಎದುರಿನ ಜಾಗ ಖಾಲಿ ಇತ್ತು; ಆಮೆ ಈ ಸಾಲು ಮುಗಿಸಿಯೇ ಊಟ ಎಂದಿದ್ದ. ಸೂರಣ್ಣ ಡಬ್ಬಿ ಮುಚ್ಚಿ ಏಳನೇ ಕೋಣೆಗೆ ವಾಪಸು ನಡೆದರು, ಬುಟ್ಟಿ ಹತ್ತಿದರು, ಎಡಗೈ ಕೈಗವಸನ್ನು ಹಲ್ಲಿನಿಂದ ಕಚ್ಚಿ ಎಳೆದರು. ಪೀಪಾಯಿ ಕೋಣೆಯಲ್ಲಿ ಮಾಡಲೇಬಾರದ ಕೆಲಸ ಎರಡನ್ನೂ ಒಟ್ಟಿಗೇ ಮಾಡಿದ್ದರು: ಬರಿಗೈ, ಬಾಯಿಗೆ ಗವಸು. ಬೆರಳಿಟ್ಟು ತಟ್ಟಿದರು.

ಸೂರು ಜೇನುಗೂಡಿನ ಹಾಗೆ ಜುಮ್ಮೆಂದಿತು.

“ಎಲ್ಲಾ ಹೊರಗೆ! ಗಾಡಿ ಬಿಡೋ ಆಮೆ, ಗಾಡಿ ಬಿಟ್ಟು ಓಡು!”

“ಊಟಕ್ಕಾ?”

“ಓಡೋ ಅಂದ್ರೆ!”

ನಾಲ್ವರೂ ಹೊರಬಂದರು. ಸೂರು ಬೀಳಲಿಲ್ಲ. ಸಂಜೆಯ ಹೊತ್ತಿಗೆ ಸುರಕ್ಷಿತ ಕಡೆಯಿಂದ ಕೊರೆದು ಕ್ಯಾಮೆರಾ ಇಳಿಸಿ ನೋಡಿದರೆ, ಒಂದು ಮೊಳ ಮೇಲೆ ಬೆರಳು ತೂರುವಷ್ಟು ಬಿರುಕು. ಅದರ ಕೆಳಗಿನ ಚಪ್ಪಡಿ ಆಮೆಯ ಗಾಡಿಗಿಂತ ದೊಡ್ಡದು.

ಆಫೀಸರಮ್ಮ ಬರಿಗೈ ಬಗ್ಗೆ ಬಯ್ಯಲೆಂದು ಕರೆಸಿದವರು, ದಾಖಲೆ ಪುಸ್ತಕ ನೋಡಿ ಅದನ್ನು ಮರೆತರು. “ಹತ್ತೂ ಹತ್ತಕ್ಕೆ ಬಿಳಿ, ಹನ್ನೊಂದು ಐವತ್ತಕ್ಕೆ ಕೆಂಪು. ನಡುವೆ ಏನಾಯ್ತು?”

ಸೂರಣ್ಣ ಬಾಯಿ ತೆರೆಯುವ ಮೊದಲೇ, ಜೊತೆಗೆ ಬಂದಿದ್ದ ಆಮೆ ನಡುವೆ ಬಂದ. “ಉಪ್ಪು ಮೇಡಂ, ಅದಕ್ಕೆ ಹೇಳೋರು ಕೇಳೋರು ಯಾರು? ಹತ್ತು ಗಂಟೆಗೆ ಸರಿ ಇತ್ತು, ಆಮೇಲೆ ಬಿಟ್ಕೊಂಡಿದೆ. ಈ ಮನುಷ್ಯ ಊಟ ಬಿಟ್ಟು ಬರದಿದ್ರೆ ನನ್ನ ಹೆಂಡ್ತಿ ಇವತ್ತು ವಿಧವೆ.”

ನಂಬಬಹುದಾದ ಮಾತು. ಉಪ್ಪು ಹಾಗೆ ಮಾಡುವುದುಂಟು. ಅಷ್ಟನ್ನೇ ಬರೆದು ಸಹಿ ಮಾಡಿದ್ದರೆ ಸೂರಣ್ಣ ನಾಲ್ಕು ಜೀವ ಉಳಿಸಿದವರಾಗಿ, ಮರುದಿನವೂ ಕೆಳಗಿಳಿಯುತ್ತಿದ್ದರು.

“ನೀವೇನಂತೀರಿ?” ಎಂದರು ಆಫೀಸರಮ್ಮ.

“ನಾಳೆ ಹೇಳ್ತೀನಿ ಅಮ್ಮ.”

ಮನೆ ಎರಡನೇ ಮಹಡಿಯಲ್ಲಿದೆ. ಎರಡು ಕೋಣೆ, ಒಂದು ಬಾಲ್ಕನಿ. ಹೆಂಡತಿ ಮುಂದಿನ ಕೋಣೆಯ ಕಿಟಕಿಯ ಬಳಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರೆ. ಗಂಡ ಕಳಚಿದ ಅಂಗಿಯನ್ನು ಬಾಲ್ಕನಿಯಲ್ಲಿ ಮೂರು ಸಲ ಝಾಡಿಸಿ ಉಪ್ಪು ಉದುರಿಸುವುದು ಅವರ ಸಂಜೆಯ ಮೊದಲ ಕೆಲಸ. ಅಂದು ಸೂರಣ್ಣ ಅಂಗಿ ಬಿಚ್ಚದೆ, ಯಂತ್ರದ ಎದುರು ಕುರ್ಚಿ ಎಳೆದುಕೊಂಡು ಕೂತು, ಎಲ್ಲ ಹೇಳಿದರು. ಕಿವಿಯ ವಿಷಯವನ್ನು ಕೊನೆಗೆ ಹೇಳಿದರು.

“ನಂಗೆ ಗೊತ್ತು,” ಎಂದರು ಹೆಂಡತಿ.

“ಯಾವಾಗಿಂದ?”

“ನಾನು ಬಯ್ದ್ರೆ ನೀವು ನಗೋಕೆ ಶುರು ಮಾಡಿದ್ರಲ್ಲ, ಆವಾಗಿಂದ.”

“ಮತ್ತೆ ಹೇಳೋದಲ್ವಾ?”

“ಹೇಳ್ದೆ. ನಿಮಗೆ ಕೇಳಿಸ್ಲಿಲ್ಲ.”

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು. ಹೆಂಡತಿ ಯಂತ್ರದ ಮೇಲಿದ್ದ ಹಸಿರು ಬಟ್ಟೆಯನ್ನು ಎತ್ತಿ, ಅವರಿಗೆ ಕಾಣುವಂತೆ ನಿಧಾನವಾಗಿ ತುಟಿ ಆಡಿಸುತ್ತ ಹೇಳಿದರು: “ಇದು ಆಮೆ ಹೆಂಡ್ತೀದು. ನಾಳೆ ತಗೊಂಡು ಹೋಗೋಕೆ ಬರ್ತಾಳೆ. ನಿಮ್ಮ ಯಜಮಾನ್ರು ನನ್ನ ಯಜಮಾನ್ರನ್ನ ಉಳಿಸಿದ್ರು ಅಂತ ಕೈ ಹಿಡ್ಕೋತಾಳೆ. ನಾನು ಏನನ್ಲಿ, ನೀವೇ ಹೇಳಿಕೊಡಿ.”

ಮರುದಿನ ಬೆಳಗ್ಗೆ ಏಳಕ್ಕೆ ಸೂರಣ್ಣ ಆಫೀಸರಮ್ಮನ ಮೇಜಿನ ಮುಂದೆ ನಿಂತರು. “ಹತ್ತೂ ಹತ್ತಕ್ಕೆ ಅದು ಟೊಳ್ಳೇ ಇತ್ತು. ನಂಗೆ ಕೇಳಿಸ್ಲಿಲ್ಲ. ಎರಡು ವರ್ಷದಿಂದ ಕೇಳಿಸ್ತಾ ಇಲ್ಲ. ಬೆರಳಲ್ಲಿ ನೋಡ್ತಾ ಇದ್ದೆ.”

“ಎರಡು ವರ್ಷವೂ ಪರೀಕ್ಷೆ ಪಾಸಾಗಿದ್ದೀರಲ್ಲ?”

ಅವರು ಬಳೆಯ ವಿಷಯ ಹೇಳಿದರು. ಆಫೀಸರಮ್ಮ ತಾವೇ ಹೋಗಿ ಗಾಜಿನ ಕೋಣೆಯಲ್ಲಿ ಕೂತು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಗಾಜಿಗೆ ಪರದೆ ಬಂತು.

ಮುಂದಿನ ಮೂರು ವಾರ ಪೀಪಾಯಿ ಕೆಲಸ ನಿಂತಿತು. ಎರಡು ವರ್ಷದಲ್ಲಿ ಸೂರಣ್ಣ ಎಳೆದ ಬಿಳಿ ಸುತ್ತುಗಳಲ್ಲಿ ಕೈಗೆ ಸಿಗುವಂಥವು ನಾನೂರ ಹನ್ನೆರಡು. ಡ್ರಿಲ್ಲಕ್ಕ ಮತ್ತು ಹೊರಗಿನಿಂದ ಬಂದ ಇಬ್ಬರು ಪ್ರತಿಯೊಂದನ್ನೂ ಮತ್ತೆ ತಟ್ಟಿದರು. ಕೈಗವಸು ಬರುವ ಮೊದಲಿನವುಗಳಲ್ಲಿ ಒಂದೂ ತಪ್ಪಿರಲಿಲ್ಲ. ಆಮೇಲಿನ ನಾಲ್ಕು ದಿನಗಳವುಗಳಲ್ಲಿ ಎರಡು ಕೆಂಪಾದವು. ಬೆರಳು ಸುಳ್ಳು ಹೇಳಿರಲಿಲ್ಲ ಎಂದು ಸೂರಣ್ಣ ಸಮಾಧಾನ ಪಡಲು ಹೋದಾಗ ಆಫೀಸರಮ್ಮ ಒಂದೇ ಮಾತು ಹೇಳಿದರು: “ಕಿವಿ ತಪ್ಪಿದ್ರೆ ಬೆರಳು, ಬೆರಳು ತಪ್ಪಿದ್ರೆ ಕಿವಿ. ಅದಕ್ಕೇ ಎರಡು ಇಟ್ಟಿದ್ದು. ನೀವು ಒಂದನ್ನ ಬಚ್ಚಿಟ್ರಿ.” ಈಗ ಸೂರು ತಟ್ಟುವವರಿಗೆ ತೆಳ್ಳನೆಯ, ಆದರೆ ಸೀಳದ ಕೈಗವಸು ಕೊಡುತ್ತಾರೆ. ಪ್ರತಿ ಸೂರನ್ನೂ ಇಬ್ಬರು ಬೇರೆಬೇರೆಯಾಗಿ ತಟ್ಟಿ, ಬೇರೆಬೇರೆಯಾಗಿ ಬರೆಯುತ್ತಾರೆ.

ಆಮೆ ಒಂದು ತಿಂಗಳು ಮಾತು ಬಿಟ್ಟ. ಕಿಟಕಿಯ ಕಟ್ಟೆಯ ಮೇಲೆ ಬಿಲ್ಲೆ ಎಸೆದು, ಮುಖ ನೋಡದೆ ಹೋಗುತ್ತಿದ್ದ. ಮೂವತ್ತಮೂರನೆಯ ದಿನ ಕಿಟಕಿಗೆ ಬಗ್ಗಿ, ಬಾಯಿಯನ್ನು ಅಗಲ ಅಗಲ ತೆರೆದು, ಒಂದು ಬೈಗುಳವನ್ನು ಸದ್ದಿಲ್ಲದೆ ಹೇಳಿದ.

“ಅರ್ಥ ಆಯ್ತು,” ಎಂದರು ಸೂರಣ್ಣ.

“ಆಗ್ಲಿ ಅಂತಾನೇ ನಿಧಾನಕ್ಕೆ ಬೈದದ್ದು. ಎರಡು ವರ್ಷ ನನ್ನ ತಲೆ ನಿನ್ನ ಬೆರಳ ಮೇಲಿತ್ತು. ಒಂದು ಮಾತು ಹೇಳೋಕೆ ಏನಾಗಿತ್ತೋ ನಿಂಗೆ?”

“ಹೇಳಿದ್ರೆ ಇಲ್ಲಿ ಕೂರಿಸ್ತಿದ್ರು.”

“ಈಗೆಲ್ಲಿ ಕೂತಿದ್ದೀಯ?”

ಸೂರಣ್ಣ ಅವನ ಬಿಲ್ಲೆಯನ್ನು ಎತ್ತಿ ಮೊಳೆಗೆ ತಗುಲಿಸಿದರು. ಮರುದಿನ ಆಮೆ ಊಟದ ಡಬ್ಬಿ ಹಿಡಿದು ಕಿಟಕಿಯ ಬಳಿ ಬಂದು ಕೂತ.

ಬಿಲ್ಲೆ ಕೋಣೆ ಎಂಟು ಅಡಿ ಉದ್ದ, ಆರು ಅಡಿ ಅಗಲ. ಒಂದು ಕುರ್ಚಿ, ಹಲಗೆ, ಕೆಳಗಿನಿಂದ ಬರುವ ಫೋನು. ಫೋನು ಬಂದರೆ ಕೆಂಪು ದೀಪ ಉರಿಯುವಂತೆ, ಮಾತು ಜೋರಾಗಿ ಕೇಳುವಂತೆ ಮಾಡಿಕೊಟ್ಟಿದ್ದಾರೆ. ಜೊತೆಗೆ ಇನ್ನೊಬ್ಬ ಗುಮಾಸ್ತ ಪಕ್ಕದ ಮೇಜಿನಲ್ಲಿದ್ದಾನೆ. ಹೊರಬರುವವರು ಬಿಲ್ಲೆ ಸಮೇತ ಕೆಳಗೇ ವಿಕಿರಣದ ತಪಾಸಣೆ ಮುಗಿಸಿ ಬಂದಿರುತ್ತಾರೆ. ಆದರೂ ಬಿಲ್ಲೆಯ ಅಂಚಿನಲ್ಲಿ ಸ್ವಲ್ಪ ಉಪ್ಪು ಉಳಿದಿರುತ್ತದೆ. ಮೊದಲ ವಾರ ಸೂರಣ್ಣ ಆ ಅಂಚನ್ನು ಹೆಬ್ಬೆರಳಿನಿಂದ ಒರೆಸಿ, ಬೆರಳನ್ನು ತುಟಿಗೆ ತಾಗಿಸಿದ್ದನ್ನು ಆಫೀಸರಮ್ಮ ನೋಡಿದರು.

“ಸೂರಣ್ಣ. ಕೈ ಬಾಯಿಗೆ ಹಾಕಬಾರದು ಅಂತ ಹೊಸಬರಿಗೆ ಪಾಠ ಮಾಡ್ತಿದ್ದವರು ಯಾರು?”

“ನಾನೇ ಅಮ್ಮ.”

“ಮತ್ತೆ?”

“ತಪ್ಪಾಯ್ತು.”

ಅದಾದ ಮೇಲೆ ಅವರು ಬೆರಳನ್ನು ತುಟಿಗೆ ತಂದಿಲ್ಲ. ಹೆಬ್ಬೆರಳಿನಿಂದ ಒರೆಸುವುದನ್ನು ಬಿಟ್ಟಿಲ್ಲ. ಹೆಂಡತಿ ಈಗಲೂ ಸಂಜೆ ಅಂಗಿಯನ್ನು ಬಾಲ್ಕನಿಗೆ ಒಯ್ದು ಮೂರು ಸಲ ಝಾಡಿಸುತ್ತಾರೆ. ಏನೂ ಉದುರುವುದಿಲ್ಲ. ಬಾಲ್ಕನಿಯ ಕೆಳಗಿದ್ದ ಗಿಡಗಳು ಈ ವರ್ಷ ಚಿಗುರಿವೆ ಎಂದು ಆಕೆ ಹೇಳಿದಾಗ ಸೂರಣ್ಣ ಎದ್ದು ಹೋಗಿ ನೋಡಿಬಂದರು. ಸಂತೋಷವೇನೂ ಆದಂತೆ ಕಾಣಲಿಲ್ಲ.

ಈ ತಿಂಗಳು ಏಳನೇ ಕೋಣೆ ತುಂಬಿತು. ಕೆಟ್ಟ ಚಪ್ಪಡಿಯನ್ನು ಬೋಲ್ಟುಗಳಿಂದ ಬಿಗಿದು, ಆ ಸಾಲನ್ನು ಖಾಲಿ ಬಿಟ್ಟು, ಉಳಿದ ಜಾಗಕ್ಕೆಲ್ಲ ಪೀಪಾಯಿ ಜೋಡಿಸಿದ್ದಾರೆ. ಇನ್ನು ಕೋಣೆಯ ಬಾಯಿಗೆ ಗೋಡೆ. ಗೋಡೆ ಎದ್ದ ಮೇಲೆ ಆ ಸೂರನ್ನು ಯಾರೂ ತಟ್ಟುವುದಿಲ್ಲ. ಅದರ ಪಾಡಿಗೆ ಅದು ಇಳಿಯುತ್ತದೆ. ಸೂರಣ್ಣ ಆಫೀಸರಮ್ಮನ ಬಳಿ ಹೋಗಿ, ಒಮ್ಮೆ ಕೆಳಗಿಳಿಯಬಹುದೇ, ಬರೀ ನೋಡಿ ಬರುತ್ತೇನೆ, ಎಂದು ಕೇಳಿದರು.

ಆಫೀಸರಮ್ಮ ನಿಯಮ ಪುಸ್ತಕ ತೆಗೆಯಲಿಲ್ಲ. ಸೈರನ್ನು ಕೇಳಿಸದವರು ನೆಲದಡಿ ಇಳಿಯಬಾರದು. ಅತಿಥಿಯಾದರೂ ಸರಿ, ಯಾರು ಜೊತೆಗಿದ್ದರೂ ಸರಿ. ಹನ್ನೆರಡು ವರ್ಷದ ಹಿಂದೆ ಆ ಸಾಲನ್ನು ಬರೆಸಿದ ಸಮಿತಿಯಲ್ಲಿ ಕೆಲಸಗಾರರ ಪರವಾಗಿ ಕೂತು, ‘ಯಾರು ಜೊತೆಗಿದ್ದರೂ’ ಎಂಬ ಮಾತನ್ನು ಸೇರಿಸಿದವರು ಸೂರಣ್ಣನವರೇ.

“ಗೊತ್ತು ಅಮ್ಮ,” ಎಂದರು ಅವರು. “ಕೇಳ್ದೆ ಅಷ್ಟೆ.”

ಗೋಡೆ ಕಟ್ಟುವವರು ನಿಲ್ಲುವ ಜಾಗವನ್ನು ಕೊನೆಯ ಬಾರಿ ತಟ್ಟುವ ದಿನ, ಬೆಳಗ್ಗೆ ಒಂಬತ್ತೂ ಇಪ್ಪತ್ತಕ್ಕೆ, ಬಿಲ್ಲೆ ಕೋಣೆಯ ಕೆಂಪು ದೀಪ ಉರಿಯಿತು. ಡ್ರಿಲ್ಲಕ್ಕ.

“ಅಣ್ಣಾ! ಏಳನೇ ಕೋಣೆ ಬಾಯಲ್ಲಿದ್ದೀನಿ. ಫೋನನ್ನ ಸೂರಿಗೇ ಹಿಡೀತೀನಿ. ಕೇಳಿಸ್ಕೊಳ್ಳಿ.”

ಸೂರಣ್ಣ ಫೋನನ್ನು ಬಲಗಿವಿಗೆ ಒತ್ತಿಕೊಂಡರು. ಆಮೇಲೆ ಎಡಗಿವಿಗೆ. ಎರಡನೆಯ ಪಾಳಿಯ ಸಾಮಾನು ಎಣಿಸುತ್ತಿದ್ದ ಗುಮಾಸ್ತ ಕೈ ನಿಲ್ಲಿಸಿದ. ಅವನಿಗೆ ಆ ದೂರದಿಂದಲೇ ಕೇಳಿಸಿತು: ಮೂರು ಏಟು, ನಡುವೆ ಅಂತರ ಬಿಟ್ಟು. ಸೂರಣ್ಣ ಬೆರಳ ತುದಿಗಳನ್ನು ಫೋನಿನ ಬೆನ್ನಿಗೆ ಒತ್ತಿದರು.

“ಕೇಳಿಸ್ತಾ ಅಣ್ಣ?”

ಗುಮಾಸ್ತ ಅವರ ಮುಖ ನೋಡಿ, ಹೂಂ ಅನ್ನಿ ಎಂಬಂತೆ ತಲೆಯಾಡಿಸಿದ.

“ಇಲ್ಲ ತಾಯಿ,” ಎಂದರು ಸೂರಣ್ಣ. “ನಿನ್ನ ಮಾತು ಕೇಳಿಸ್ತು, ಸೂರಿಂದು ಕೇಳಿಸ್ಲಿಲ್ಲ. ನೀನೇ ಹೇಳು, ಏನಂತು?”

ಮತ್ತೆ ಒಂದು ಏಟು. ಆಮೇಲೆ ಡ್ರಿಲ್ಲಕ್ಕ ಜೋರಾಗಿ, ಪದ ಪದ ಬಿಡಿಸಿ ಹೇಳಿದಳು:

“ನೀವು ಹೇಳ್ತಿದ್ರಲ್ಲ, ಹಿತ್ತಾಳೆ ಪಾತ್ರೆ, ಅದಲ್ಲ ಅಣ್ಣ. ನಂಗೆ ಹಾಗೆ ಅನ್ನಿಸಲ್ಲ. ಪಕ್ಕದ ಕೋಣೆಯಿಂದ ಯಾರೋ, ಇಲ್ಲೇ ಇದ್ದೀನಿ ಅಂತ ಓಗೊಟ್ಟ ಹಾಗಿದೆ.”

“ಬೆರಳಿಗೆ?”

“ಬೆರಳಿಗೆ ಏನೂ ಇಲ್ಲ.”

“ಇನ್ನೊಬ್ರು?”

“ಅವರೂ ತಟ್ಟಿದ್ರು. ಬಿಳಿ.”

“ಹಾಗಾದ್ರೆ ಗಟ್ಟಿ,” ಎಂದು ಸೂರಣ್ಣ ದಾಖಲೆ ಪುಸ್ತಕ ಎಳೆದುಕೊಂಡು ಬರೆದರು: ಏಳನೇ ಕೋಣೆ, ಬಾಯಿ, ಇಬ್ಬರು ತಟ್ಟಿದ್ದು, ಗಟ್ಟಿ, ಒಂಬತ್ತು ಇಪ್ಪತ್ತನಾಲ್ಕು. ಬರೆದಾದ ಮೇಲೂ ಫೋನು ಅವರ ಎಡಗೈಯಲ್ಲಿತ್ತು, ಬೆರಳ ತುದಿಗಳು ಅದರ ಬೆನ್ನಿಗೆ ಒತ್ತಿಕೊಂಡೇ ಇದ್ದವು. ಕೆಂಪು ದೀಪ ಆರಿದ ಮೇಲೆ ಕೆಳಗಿಟ್ಟರು.